ಒಂದೇ ಸರ್ವರ್, ಹಲವು ಓಎಸ್: ಹಾರ್ಡ್ ಡಿಸ್ಕ್ ಕೆಟ್ಟರೂ ಕಂಪ್ಯೂಟರ್ ಶುರುವಾಗುತ್ತದೆ

ಹಿಂದೂಪುರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು. ಹಳೆಯ ಎಷ್ಟೋ ಯಂತ್ರಗಳಲ್ಲಿ ಅದಿಲ್ಲ. ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗದ ಕಡೆ ಶಾಲೆಯಲ್ಲೋ ಟೈಪಿಂಗ್ ಸೆಂಟರ್‌ನಲ್ಲೋ ಹತ್ತು ಹಳೆಯ ಕಂಪ್ಯೂಟರ್ ಇಟ್ಟುಕೊಂಡವರು ಅವನ್ನೆಲ್ಲ ಗುಜರಿಗೆ ಹಾಕಬೇಕೆ? ಅವಸರ ಬೇಡ, ಇನ್ನೊಂದು ದಾರಿಯಿದೆ. ಅದೇ ನೆಟ್‌ವರ್ಕ್ ಬೂಟ್.

ಕೆಲಸ ಮಾಡುವುದು ಹೇಗೆ?

ಸಾಮಾನ್ಯವಾಗಿ ಕಂಪ್ಯೂಟರ್ ತನ್ನ ಹಾರ್ಡ್ ಡಿಸ್ಕ್‌ನಿಂದ ಓಎಸ್ ಓದಿಕೊಳ್ಳುತ್ತದೆ. ನೆಟ್‌ವರ್ಕ್ ಬೂಟ್‌ನಲ್ಲಿ ಕೇಬಲ್ ಮೂಲಕ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ. ಇಂಟೆಲ್ ರೂಪಿಸಿದ ಪಿಎಕ್ಸ್‌ಇ ಎಂಬ ಈ ಸೌಲಭ್ಯ ಹಳೆಯ ಯಂತ್ರಗಳಲ್ಲೂ ಬಹುಪಾಲು ಇದ್ದೇ ಇರುತ್ತದೆ. ಬಯೋಸ್ ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರಾಯಿತು.

ಸ್ವಿಚ್ ಒತ್ತಿದೊಡನೆ ಯಂತ್ರ "ನನಗೊಂದು ವಿಳಾಸ ಕೊಡಿ" ಎಂದು ನೆಟ್‌ವರ್ಕ್‌ನಲ್ಲಿ ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ ವಿಳಾಸ ಕೊಟ್ಟು, ಯಾವ ಸರ್ವರ್‌ನಲ್ಲಿ ಯಾವ ಫೈಲ್ ಇದೆ ಎಂದೂ ತಿಳಿಸುತ್ತದೆ. ಆ ಚಿಕ್ಕ ಫೈಲ್ ಟಿಎಫ್‌ಟಿಪಿ ಮೂಲಕ ಬಂದು ಪರದೆಯ ಮೇಲೆ ಮೆನು ತೋರಿಸುತ್ತದೆ. ಕನ್ನಡದ ಇಮೇಜ್, ತೆಲುಗಿನ ಇಮೇಜ್, ಅಕೌಂಟ್ಸ್ ಕಲಿಯುವವರಿಗೆ ಮತ್ತೊಂದು. ಆರಿಸಿದ್ದು ಶುರುವಾಗುತ್ತದೆ. ಸರ್ವರ್‌ನಲ್ಲಿ ಒಂದು ಇಮೇಜ್ ಸರಿಪಡಿಸಿದರೆ ಮುಂದಿನ ಸಲ ಆನ್ ಆದಾಗ ಎಲ್ಲ ಯಂತ್ರಗಳಲ್ಲೂ ಸರಿಯಾಗಿರುತ್ತದೆ.

ಲಿನಕ್ಸ್‌ನಲ್ಲಿ ಇದಕ್ಕೆಂದೇ ಎಲ್‌ಟಿಎಸ್‌ಪಿ ಎಂಬ ಉಚಿತ ತಂತ್ರಾಂಶ 1999ರಿಂದ ಇದೆ. ವಿಂಡೋಸನ್ನೂ ನೆಟ್‌ವರ್ಕ್ ಮೂಲಕ ಇನ್‌ಸ್ಟಾಲ್ ಮಾಡಬಹುದು, ಆದರೆ ಪ್ರತಿ ಯಂತ್ರಕ್ಕೂ ಲೈಸೆನ್ಸ್ ಬೇಕು.

ಎರಡು ಭಾಷೆಯವರಿಗೆ ಲಾಭ

ಗಡಿಯ ಮಕ್ಕಳು ಒಂದು ಪೀರಿಯಡ್‌ನಲ್ಲಿ ತೆಲುಗು, ಇನ್ನೊಂದರಲ್ಲಿ ಕನ್ನಡ ಟೈಪ್ ಮಾಡಬೇಕಾಗುತ್ತದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಎರಡೂ ಭಾಷೆಯ 'ಕ' ಒಂದೇ ಕೀಲಿಯಲ್ಲಿದೆ. ಒಂದು ಕಲಿತರೆ ಇನ್ನೊಂದು ಬಹುಪಾಲು ಬಂದಂತೆ. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ, ಮುಂದೆ ಶಾಲೆಗಳಿಗೆ ಲಿನಕ್ಸ್ ತಂದಿತು. 2017ರಲ್ಲಿ ಅದು ಕೈಟ್ ಎಂಬ ಕಂಪನಿಯಾಯಿತು. ಅಲ್ಲಿ ಪ್ರತಿ ಯಂತ್ರಕ್ಕೂ ಓಎಸ್ ಹಾಕುವುದು ವಾಡಿಕೆ. ಆದರೂ ಶಾಲೆಯ ಕೆಲಸ ಲಿನಕ್ಸ್‌ನಲ್ಲಿ ನಡೆಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಎಲ್ಲಿ ಎಡವುತ್ತಾರೆ?

ಮೊದಲನೆಯದು ಸ್ವಿಚ್. 1 ಜಿಬಿ ಇಮೇಜನ್ನು 20 ಯಂತ್ರಗಳು ಒಟ್ಟಿಗೆ ಪೂರ್ತಿ ಎಳೆದರೆ, ಸರ್ವರ್‌ನ ಲೈನ್ 100 ಎಂಬಿಪಿಎಸ್ ಇದ್ದಲ್ಲಿ ಸುಮಾರು 27 ನಿಮಿಷ ಬೇಕು. ಅಷ್ಟರಲ್ಲಿ ಪೀರಿಯಡ್ ಮುಗಿಯುತ್ತದೆ! ಗಿಗಾಬಿಟ್ ಸ್ವಿಚ್, ಗಿಗಾಬಿಟ್ ಸರ್ವರ್ ಇದ್ದರೆ ಮೂರು ನಿಮಿಷದೊಳಗಿನ ಲೆಕ್ಕ. ಎಲ್‌ಟಿಎಸ್‌ಪಿ ಬೇಕಾದಷ್ಟು ಭಾಗವನ್ನೇ ಓದುವುದರಿಂದ ಇನ್ನೂ ಬೇಗ. ವೈಫೈ ನೆಚ್ಚಬೇಡಿ, ಕೇಬಲ್ ಎಳೆಯಿರಿ.

ಎರಡನೆಯದು, ಬ್ರಾಡ್‌ಬ್ಯಾಂಡ್ ರೂಟರ್ ಕೂಡ ವಿಳಾಸ ಹಂಚುತ್ತದೆ. ಇಬ್ಬರು ಹಂಚಿದರೆ ಜಗಳ. ಡಿಎನ್‌ಎಸ್‌ಮಾಸ್ಕ್ ತಂತ್ರಾಂಶವನ್ನು 'ಪ್ರಾಕ್ಸಿ' ರೀತಿಯಲ್ಲಿ ನಡೆಸಿದರೆ ವಿಳಾಸ ರೂಟರ್‌ನಿಂದ, ಬೂಟ್ ಮಾಹಿತಿ ಸರ್ವರ್‌ನಿಂದ ಬರುತ್ತದೆ.

ಮೂರನೆಯದೇ ಮುಖ್ಯ. ಮಕ್ಕಳ ಫೈಲ್‌ಗಳನ್ನು ಸರ್ವರ್‌ನ ಹೋಮ್ ಫೋಲ್ಡರ್‌ನಲ್ಲಿ ಉಳಿಸುವಂತೆ ಮಾಡದಿದ್ದರೆ ಯಂತ್ರ ಆಫ್ ಆದಾಗ ಎಲ್ಲವೂ ಅಳಿಸಿಹೋಗುತ್ತದೆ. ಸರ್ವರ್ ನಿಂತರೆ ಇಡೀ ಲ್ಯಾಬ್ ನಿಂತಂತೆ. ಆದ್ದರಿಂದ ಕರೆಂಟ್ ಹೋಗಿಬರುವ ಊರಲ್ಲಿ ಸರ್ವರ್‌ಗೆ ಯುಪಿಎಸ್ ಬೇಕೇ ಬೇಕು. ಇಮೇಜ್‌ಗಳ ಮತ್ತು ಮಕ್ಕಳ ಫೈಲ್‌ಗಳ ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿಡಿ.

ಮೊದಲು ಒಂದು ಸರ್ವರ್, ಒಂದು ಹಳೆಯ ಯಂತ್ರ, ಒಂದು ಕೇಬಲ್‌ನಿಂದ ಪ್ರಯತ್ನಿಸಿ. ಅದು ಒಂದು ವಾರ ಸರಿಯಾಗಿ ನಡೆದರೆ ಉಳಿದವನ್ನು ಜೋಡಿಸಿ. ಗುಜರಿಯವನನ್ನು ಆಮೇಲೆ ಕರೆದರಾಯಿತು.