ಹಳೆಯ ಭಾಗಗಳಿಂದ ಬೈಸಿಕಲ್ಲು

ನಮ್ಮ ಬೀದಿಯ ಕೊನೆಯ ಮನೆಯ ಹುಡುಗನಿಗೆ ಆರು ಕಿಲೋಮೀಟರು ದೂರದ ಕಾರ್ಖಾನೆಯಲ್ಲಿ ಕೆಲಸ ದೊರೆಯಿತು. ಆದರೆ ಪ್ರಾತಃಕಾಲದ ಪಾಳಿಗೆ ಬಸ್ಸಿರಲಿಲ್ಲ, ಹೊಸ ಬೈಸಿಕಲ್ಲು ಕೊಳ್ಳುವಷ್ಟು ಹಣವೂ ಇರಲಿಲ್ಲ. ಆದುದರಿಂದ ಗುಜರಿಯಿಂದಲೂ ಪರಿಚಿತರ ಅಟ್ಟಗಳಿಂದಲೂ ಭಾಗಗಳನ್ನು ಕೂಡಿಸಿ, ಹೊಸದರ ಅರ್ಧ ಬೆಲೆಗೂ ಕಡಮೆಯಲ್ಲಿ ಒಂದು ಗಾಡಿಯನ್ನು ನಾವಿಬ್ಬರೂ ಸಿದ್ಧಪಡಿಸಿದೆವು. ಆ ಅನುಭವವನ್ನು ವಾಚಕರಲ್ಲಿ ನಿವೇದಿಸುತ್ತೇನೆ.

ಮೊದಲು ನೋಡತಕ್ಕದ್ದು ಚೌಕಟ್ಟು. 28 ಅಂಗುಲ ಚಕ್ರದ ಹಳೆಯ ಮಾದರಿಯೇ ಲೇಸು; ಅದರ ಭಾಗಗಳು ಸಣ್ಣ ಊರಿನ ಅಂಗಡಿಯಲ್ಲಿಯೂ ಸಿಕ್ಕುತ್ತವೆ. ಹಿಂದಿನ ಅಚ್ಚು ಕೂರುವ ಒಂದು ತುದಿಗೆ ದಾರ ಕಟ್ಟಿ, ಮುಂದಿನ ಕೊಳವೆಯನ್ನು ಬಳಸಿ ತಂದು, ಇನ್ನೊಂದು ತುದಿಗೆ ಬಿಗಿಯಬೇಕು. ಪೀಠದ ಕೊಳವೆಗೂ ದಾರಕ್ಕೂ ನಡುವಣ ಅಂತರವು ಉಭಯ ಪಾರ್ಶ್ವಗಳಲ್ಲಿಯೂ ಸಮವಾಗಿರದಿದ್ದರೆ ಚೌಕಟ್ಟು ಸೊಟ್ಟಗಾಗಿದೆಯೆಂದೇ ತಿಳಿಯತಕ್ಕದ್ದು. ರಸೀತಿಯಿಲ್ಲದೆ ಕೊಳ್ಳಕೂಡದು, ಕದ್ದ ಮಾಲು ಯಾವಾಗಲೂ ಅಗ್ಗವೇ.

ಮುಂದಿನ ಕವಲಿನ ವಿಷಯದಲ್ಲಿ ನಾನೇ ಮೋಸಹೋದೆನು. ಹೊಸ ಬಣ್ಣದಿಂದ ಥಳಥಳಿಸುತ್ತಿದ್ದುದನ್ನು ಕಂಡು, ಪರೀಕ್ಷಿಸದೆ ತಂದುಬಿಟ್ಟೆನು. ದೀಪದ ಹಿಡಿಕೆ ಕೂರಿಸಲೆಂದು ಹುಡುಗನು ಬಣ್ಣ ಕೆರೆದಾಗ, ಕವಲಿನ ನೆತ್ತಿಯಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸಿತು. ಇಳಿಜಾರಿನಲ್ಲಿ ಅದು ಮುರಿದಿದ್ದರೆ ಅವನ ಗತಿಯೇನಾಗುತ್ತಿತ್ತೆಂಬುದನ್ನು ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮತ್ತಾರೂ ಉಪಯೋಗಿಸದಂತೆ ಅದನ್ನು ಸುತ್ತಿಗೆಯಿಂದ ಜಜ್ಜಿ, ಹೊಸ ಕವಲನ್ನೇ ತಂದೆವು.

ಸರಪಳಿಯ ಪ್ರತಿಯೊಂದು ಕೊಂಡಿಯೂ ಅರ್ಧ ಅಂಗುಲ. ಎಂದರೆ 24 ಕೊಂಡಿಗಳು ಸರಿಯಾಗಿ 12 ಅಂಗುಲವಿರಬೇಕು. ಇದಕ್ಕಿಂತ 1/8 ಅಂಗುಲ ಹೆಚ್ಚಿದ್ದರೆ ಸರಪಳಿ ಸವೆದಿದೆ. ಅಂಥದು ಒಳ್ಳೆಯ ಹಲ್ಲುಚಕ್ರವನ್ನೂ ತಿಂದುಹಾಕುತ್ತದೆ. ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಗಾಡಿಯು ಸುಮಾರು 18 ಅಡಿ ಸಾಗುವುದು. ಹುಡುಗನ ದಾರಿಯಲ್ಲಿ ಏರು ಹೆಚ್ಚಾದುದರಿಂದ ನಾವು ಹಿಂದೆ 20 ಹಲ್ಲಿನದನ್ನು ಹಾಕಿದೆವು. ಒಂದು ಸುತ್ತಿಗೆ 16 ಅಡಿಯಷ್ಟೇ, ಆದರೆ ಕಾಲಿಗೆ ಹಗುರ.

ಎಡಗಡೆಯ ಪೆಡಲಿನ ತಿರುಪು ವಿಲೋಮವಾದುದು. ಇದನ್ನರಿಯದೆ ಬಲವಂತವಾಗಿ ತಿರುಗಿಸಿ ಎಳೆಗಳನ್ನು ಕೆಡಿಸಿದವರು ಅನೇಕರು. ಹಿಂದಿನ ಚಕ್ರದ ಗುಂಬದಲ್ಲಿ ಪಾರ್ಶ್ವಕ್ಕೆ 9ರಂತೆ ಕಾಲಂಗುಲದ ಉಕ್ಕಿನ ಗುಂಡುಗಳಿರುತ್ತವೆ. ಇವನ್ನೂ, ಬ್ರೇಕಿನ ರಬ್ಬರುಗಳನ್ನೂ, ಟ್ಯೂಬುಗಳನ್ನೂ ಹೊಸದಾಗಿಯೇ ಕೊಳ್ಳತಕ್ಕದ್ದು. ಪೀಠ, ಹಿಡಿಕೆ, ಮಡ್‌ಗಾರ್ಡುಗಳು ಎಷ್ಟು ಹಳೆಯವಾದರೂ ಬಾಧಕವಿಲ್ಲ.

ಈಗ ಹುಡುಗನು ಬೆಳಗಿನ 5 ಗಂಟೆಗೆ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಾನೆ. ಹಿಂದಿನ ಮಡ್‌ಗಾರ್ಡು ಹಸಿರು, ಮುಂದಿನದು ಕಪ್ಪು.