ಇಪ್ಪತ್ತು ವರ್ಷ ಕಾದು ಐದು ದಿನದಲ್ಲಿ ಮುಗಿಯುವ ಬೇಟೆ: ಆಮೇಲಿನ ಖಾಲಿತನಕ್ಕೆ ಏನು ಮದ್ದು?

ಅಕ್ಟೋಬರ್ ಬಂತೆಂದರೆ ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟದ ಊರುಗಳಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟವರದ್ದೇ ಓಡಾಟ. ಅದು ಎಲ್ಕ್ ಬೇಟೆಯ ಕಾಲ. ಎಲ್ಕ್ ಅಂದರೆ ನಮ್ಮ ಕಡವೆಯ ಕುಟುಂಬಕ್ಕೇ ಸೇರಿದ, ಅದಕ್ಕಿಂತ ದೊಡ್ಡ ಪ್ರಾಣಿ. ಬೆಳೆದ ಗಂಡು 300 ಕೆ.ಜಿ. ದಾಟಬಲ್ಲದು. ಇದರ ಬೇಟೆಗೆಂದು ಜನ ವರ್ಷಗಟ್ಟಲೆ ಕಾಯುತ್ತಾರೆ, ದುಡ್ಡು ಕೂಡಿಡುತ್ತಾರೆ, ಮೈ ಹುರಿಗೊಳಿಸುತ್ತಾರೆ. ಬೇಟೆ ಮುಗಿಸಿ ಮನೆಗೆ ಬಂದ ಮೇಲೆ ಮಾತ್ರ ಅವರಲ್ಲಿ ಅನೇಕರಿಗೆ ಮಂಕು ಕವಿಯುತ್ತದೆ. ಕೆಲಸಕ್ಕೆ ಮನಸ್ಸಿಲ್ಲ, ಯಾರ ಹತ್ತಿರವೂ ಮಾತು ಬೇಡ, ಎಲ್ಲವೂ ಸಪ್ಪೆ. ಎಲ್ಕ್ ಸಿಗದವರಿಗಷ್ಟೇ ಹೀಗಾದರೆ ಅರ್ಥವಾಗುತ್ತಿತ್ತು. ಸಿಕ್ಕವರಿಗೂ ಹೀಗೇ ಆಗುತ್ತದೆ.

ಬೇಟೆಯಾಡಿ ಬಂದವರ ಬೇಜಾರು ಕಟ್ಟಿಕೊಂಡು ನಮಗೇನಾಗಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಬೇಟೆ ಅಪರಾಧ. ಈ ಲೇಖನ ಅದರ ಪರ ವಕಾಲತ್ತಲ್ಲ. ಆದರೆ ಆರು ತಿಂಗಳು ಚುನಾವಣಾ ಪ್ರಚಾರಕ್ಕೆ ಓಡಾಡಿ, ಫಲಿತಾಂಶದ ಮರುದಿನ ಹಾಸಿಗೆಯಿಂದ ಏಳಲಾಗದೆ ಬಿದ್ದಿದ್ದವರು, ದೊಡ್ಡ ಸಮಾವೇಶ ಮುಗಿದ ಸಂಜೆ ಕುರ್ಚಿ ಜೋಡಿಸುತ್ತಾ 'ಇಷ್ಟೇನಾ?' ಅನ್ನಿಸಿದವರು ನಮ್ಮ ನಡುವೆಯೇ ಇದ್ದಾರೆ. ಖಾಲಿತನದ ಮೂಲ ಎರಡೂ ಕಡೆ ಒಂದೇ. ಬೇಟೆಯಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ಕಾಯುವುದೇ ಒಂದು ಬದುಕು

ಅಮೆರಿಕದಲ್ಲಿ ಕಾಡುಪ್ರಾಣಿ ಜಮೀನುದಾರನ ಸ್ವತ್ತಲ್ಲ. ಜನರ ಪರವಾಗಿ ಸರ್ಕಾರ ಅದನ್ನು ಕಾಯಬೇಕು ಅನ್ನುವುದು ಅಲ್ಲಿನ ತತ್ವ. ಹಾಗಾಗಿ ಯಾವ ವಲಯದಲ್ಲಿ ಎಷ್ಟು ಪ್ರಾಣಿ ಹೊಡೆಯಬಹುದು ಎಂದು ಪ್ರತಿ ರಾಜ್ಯ ಲೆಕ್ಕ ಹಾಕಿ, ಅಷ್ಟೇ ಪರವಾನಗಿ ಕೊಡುತ್ತದೆ. ಬೇಡಿಕೆ ಹೆಚ್ಚಿರುವ ಕಡೆ ಲಾಟರಿ. ಕೊಲೊರಾಡೊದಲ್ಲಿ ಅರ್ಜಿ ಹಾಕಿ ಸಿಗದಿದ್ದರೆ ಆ ವರ್ಷಕ್ಕೆ ಒಂದು ಪಾಯಿಂಟ್ ಜಮೆಯಾಗುತ್ತದೆ. ಪಾಯಿಂಟ್ ಹೆಚ್ಚಿದ್ದವರಿಗೆ ಮೊದಲ ಆದ್ಯತೆ. ಒಳ್ಳೆಯ ಹೆಸರಿರುವ ಕೆಲವು ವಲಯಗಳಲ್ಲಿ ಗಂಡು ಎಲ್ಕ್ ಪರವಾನಗಿಗೆ 20 ವರ್ಷಕ್ಕೂ ಹೆಚ್ಚು ಕಾಯಬೇಕು. ಯೂಟಾ ರಾಜ್ಯದಲ್ಲಿ ಮೂಸ್, ಕಾಡೆಮ್ಮೆಯಂಥ ಬೈಸನ್, ಬಿಗ್‌ಹಾರ್ನ್ ಕುರಿಗಳ ಪರವಾನಗಿ ಜೀವಮಾನದಲ್ಲಿ ಒಮ್ಮೆ ಮಾತ್ರ.

ಈಗ ಲೆಕ್ಕ ನೋಡಿ. ಇಪ್ಪತ್ತು ವರ್ಷ ಕಾದು ಪರವಾನಗಿ ಸಿಕ್ಕಿತು. ಕೊಲೊರಾಡೊದ ಮೊದಲ ರೈಫಲ್ ಸೀಸನ್ ಬರೀ 5 ದಿನ. ರಾಜ್ಯದಲ್ಲಿ ಒಟ್ಟಾರೆ ಐವರು ಎಲ್ಕ್ ಬೇಟೆಗಾರರಲ್ಲಿ ಸುಮಾರು ಒಬ್ಬರಿಗಷ್ಟೇ ಪ್ರಾಣಿ ಸಿಗುತ್ತದೆ. ಸಿಗಲಿ ಬಿಡಲಿ, ಕೂಡಿಟ್ಟ ಪಾಯಿಂಟ್ ಸೊನ್ನೆಗೆ ಇಳಿಯುತ್ತದೆ. ನಲವತ್ತರಲ್ಲಿ ಸಾಲಿಗೆ ನಿಂತವರು ಅರವತ್ತರಲ್ಲಿ ಮುಂದೆ ಬಂದು, ಒಂದು ವಾರದೊಳಗೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಆ ವಯಸ್ಸಿನಲ್ಲಿ ಇನ್ನೊಂದು ಇಪ್ಪತ್ತು ವರ್ಷ ಕಾಯುವ ಮಾತೆಲ್ಲಿ?

ಇದರಲ್ಲಿ ವರ್ಗದ ಪ್ರಶ್ನೆಯೂ ಇದೆ. ದುಡ್ಡಿದ್ದವರಿಗೆ ಸಾಲಿನ ಹಂಗಿಲ್ಲ. ಕೆಲವು ರಾಜ್ಯಗಳು ಒಂದೆರಡು ವಿಶೇಷ ಪರವಾನಗಿಗಳನ್ನು ಹರಾಜು ಹಾಕಿ, ಆ ಹಣವನ್ನು ವನ್ಯಜೀವಿ ಕೆಲಸಕ್ಕೆ ಬಳಸುತ್ತವೆ. 2013ರಲ್ಲಿ ಮೊಂಟಾನಾದ ಒಂದೇ ಒಂದು ಬಿಗ್‌ಹಾರ್ನ್ ಕುರಿಯ ಪರವಾನಗಿ 4,80,000 ಡಾಲರ್‌ಗೆ ಹೋಯಿತು. ಕಾಯುವ ಪಾಡು ಉಳಿದವರಿಗೆ. ಅವರ ಪಾಲಿಗೆ ಆ ಐದು ದಿನಗಳ ತೂಕ ಹೆಚ್ಚುತ್ತಾ ಹೋಗುವುದು ಹೀಗೆ.

ಮಿದುಳು ಖುಷಿಪಡುವುದು ಯಾವಾಗ?

1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳು ಹೆಸರುವಾಸಿ. ಒಂದು ಸಂಕೇತ, ಅದಾದ ಮೇಲೆ ಒಂದು ಗುಟುಕು ಹಣ್ಣಿನ ರಸ. ಮೊದಮೊದಲು ರಸ ಬಾಯಿಗೆ ಬಿದ್ದಾಗ ಕೋತಿಯ ಮಿದುಳಿನ ಡೋಪಮಿನ್ ಕೋಶಗಳು ಚುರುಕಾಗುತ್ತಿದ್ದವು. ಅಭ್ಯಾಸವಾದ ಮೇಲೆ ಸಂಕೇತ ಕಂಡಾಗಲೇ ಚುರುಕಾಗತೊಡಗಿದವು. ನಿರೀಕ್ಷಿಸಿದ ರಸ ನಿಜಕ್ಕೂ ಬಂದಾಗ ಅವು ಹೆಚ್ಚೇನೂ ಸ್ಪಂದಿಸಲಿಲ್ಲ. ಬಾರದೇ ಹೋದಾಗ ಮಾತ್ರ ಅವುಗಳ ಚಟುವಟಿಕೆ ಮಾಮೂಲಿ ಮಟ್ಟಕ್ಕಿಂತ ಕೆಳಗೆ ಕುಸಿಯಿತು.

ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಇನ್ನೊಂದು ಮುಖ್ಯ ವ್ಯತ್ಯಾಸ ತೋರಿಸಿದರು. ಒಂದು ವಸ್ತು 'ಬೇಕು' ಅನ್ನಿಸುವುದು ಬೇರೆ, ಸಿಕ್ಕಾಗ 'ಹಿತ' ಅನ್ನಿಸುವುದು ಬೇರೆ. ಮಿದುಳಿನಲ್ಲಿ ಇವೆರಡಕ್ಕೂ ಬೇರೆ ಬೇರೆ ವ್ಯವಸ್ಥೆಗಳಿವೆ. ವರ್ಷಗಟ್ಟಲೆ 'ಬೇಕು'ವನ್ನು ಬೆಳೆಸಿಕೊಂಡರೆ 'ಹಿತ'ವೂ ಅಷ್ಟೇ ಬೆಳೆಯುತ್ತದೆ ಅನ್ನುವ ಖಾತರಿ ಇಲ್ಲ.

ಪ್ರವಾಸಗಳಲ್ಲೂ ಇಂಥದ್ದೇ ಚಿತ್ರ ಕಂಡಿದೆ. 2010ರಲ್ಲಿ ಪ್ರಕಟವಾದ, 1,530 ಡಚ್ ವಯಸ್ಕರ ಅಧ್ಯಯನವೊಂದರಲ್ಲಿ ಪ್ರವಾಸಕ್ಕೆ ಹೋಗುವವರು ಹೊರಡುವ ಮುಂಚೆ ಉಳಿದವರಿಗಿಂತ ಹೆಚ್ಚು ಖುಷಿಯಾಗಿದ್ದರು. ವಾಪಸು ಬಂದ ಮೇಲೆ ಬಹುತೇಕರಲ್ಲಿ ಆ ವ್ಯತ್ಯಾಸ ಉಳಿದಿರಲಿಲ್ಲ. ತುಂಬ ಆರಾಮಾಗಿ ಕಳೆದವರಷ್ಟೇ ಇದಕ್ಕೆ ಹೊರತು. ಗುರಿ ಮುಟ್ಟಿದರೆ ಬದುಕು ಸರಿಹೋಗುತ್ತದೆ ಎಂಬ ಈ ನಂಬಿಕೆಯನ್ನು ಮನಶ್ಶಾಸ್ತ್ರ ಬೋಧಕ ತಾಲ್ ಬೆನ್-ಶಹರ್ 'ತಲುಪುವಿಕೆಯ ಭ್ರಮೆ' ಎಂಬ ಅರ್ಥದ ಹೆಸರಿನಿಂದ ಕರೆದರು.

ಚಂದ್ರನ ಮೇಲೆ ಕಾಲಿಟ್ಟು ಬಂದ ಬಜ್ ಆಲ್ಡ್ರಿನ್ ಖಿನ್ನತೆಗೆ ಜಾರಿದ್ದನ್ನು 1973ರಲ್ಲೇ ಪುಸ್ತಕದಲ್ಲಿ ಹೇಳಿಕೊಂಡರು. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ನಮ್ಮ ಅಭಿನವ್ ಬಿಂದ್ರಾ ಕೂಡ, ತಾನು ಮಾನಸಿಕವಾಗಿ ಹೆಚ್ಚು ಕುಸಿದದ್ದು ಸೋತಾಗ ಅಲ್ಲ, ಗೆದ್ದ ಮೇಲೆ ಎಂದು ಹಲವು ಸಲ ಹೇಳಿದ್ದಾರೆ.

ಡೋಪಮಿನ್ ಒಂದೇ ಕಾರಣವಲ್ಲ

ಈಚೆಗೆ ಎಲ್ಲದಕ್ಕೂ ಡೋಪಮಿನ್ ಮೇಲೆ ಗೂಬೆ ಕೂರಿಸುವುದು ಒಂದು ಫ್ಯಾಷನ್. ಬೇಟೆಗಾರ ಮನೆಗೆ ಬಂದಾಗ ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು.

ಮೊದಲನೆಯದು, ಮೈಯ ದಣಿವು. ಎತ್ತರದ ಜಾಗದಲ್ಲಿ, ಚಳಿಯಲ್ಲಿ, ಬೆಳಗಿನ ನಾಲ್ಕಕ್ಕೆ ಎದ್ದು, ಬೆನ್ನ ಮೇಲೆ ಹೊರೆ ಹೊತ್ತು ನಡೆದ ದೇಹಕ್ಕೆ ಸಾಲ ತೀರಿಸಬೇಕಿರುತ್ತದೆ. ಎರಡನೆಯದು, ದಿನಚರಿ. ವರ್ಷವಿಡೀ ನಕ್ಷೆ ನೋಡುವುದು, ಗುರಿ ಅಭ್ಯಾಸ, ಭಾರ ಹೊತ್ತು ಮೆಟ್ಟಿಲು ಹತ್ತುವುದು ಇದ್ದವು. ಒಮ್ಮೆಲೇ ಸಂಜೆ ಆರರ ನಂತರ ಮಾಡಲು ಏನೂ ಇಲ್ಲ. ಮೂರನೆಯದು, ಒಡನಾಟ. ಒಂದೇ ಟೆಂಟಿನಲ್ಲಿ ಮಲಗಿದ ನಾಲ್ವರು ಮತ್ತೆ ನಾಲ್ಕು ಊರುಗಳಿಗೆ ಚದುರಿ ಹೋಗುತ್ತಾರೆ.

ನಾಲ್ಕನೆಯದು ಬೇಟೆಗೇ ಸೇರಿದ್ದು: ಒಂದು ಜೀವ ತೆಗೆದ ಭಾರ. ಗುಂಡು ಬಿದ್ದ ಗಳಿಗೆಯಲ್ಲಿ ಸಂಭ್ರಮವೂ ದುಃಖವೂ ಒಟ್ಟಿಗೇ ಬಂದವು ಎನ್ನುವ ಬೇಟೆಗಾರರು ಬಹಳ. ಊರಿಗೆ ಬಂದಾಗ ಜನ ಕೇಳುವುದು 'ಕೊಂಬು ಎಷ್ಟು ದೊಡ್ಡದಿತ್ತು?' ಅಂತ. ದುಃಖದ ಬಗ್ಗೆ ಯಾರೂ ಕೇಳುವುದಿಲ್ಲ. ಹೇಳಿಕೊಳ್ಳಲು ಜಾಗ ಸಿಗದ ಭಾವನೆ ಮಂಕಾಗಿ ಕೂರುತ್ತದೆ.

ಮುಗಿಸುವುದಕ್ಕೂ ಒಂದು ಶಾಸ್ತ್ರ ಬೇಕು

ಬೇಟೆಯ ಹಳೆಯ ಸಂಪ್ರದಾಯಗಳು ಈ ಸಮಸ್ಯೆಯನ್ನು ಒಂಟಿ ಮನುಷ್ಯನ ತಲೆಗೆ ಬಿಟ್ಟಿರಲಿಲ್ಲ. ಜರ್ಮನಿಯಲ್ಲಿ ಗುಂಪು ಬೇಟೆ ಮುಗಿದಾಗ ಸತ್ತ ಪ್ರಾಣಿಗಳನ್ನು ಸಾಲಾಗಿ ಮಲಗಿಸಿ, ಬಾಯಿಗೆ ಒಂದು ಹಸಿರು ರೆಂಬೆ ಇಡುತ್ತಾರೆ. ಅದು ಪ್ರಾಣಿಯ 'ಕೊನೆಯ ತುತ್ತು'. ಆಮೇಲೆ ಬೇಟೆ ಮುಗಿಯಿತು ಎಂದು ಸಾರುವ ಕಹಳೆ ಊದುತ್ತಾರೆ. ನಂತರ ಎಲ್ಲರೂ ಸೇರಿ ಊಟ. ಮುಗಿಯಿತು ಎಂದು ಯಾರೋ ಗಟ್ಟಿಯಾಗಿ ಹೇಳುತ್ತಾರೆ, ಸತ್ತದ್ದಕ್ಕೆ ಗೌರವ ಸಲ್ಲುತ್ತದೆ, ಜೊತೆಗಿದ್ದವರು ಚದುರುವ ಮುಂಚೆ ಒಂದು ಪಂಕ್ತಿಯಲ್ಲಿ ಕೂರುತ್ತಾರೆ.

ಅಲಾಸ್ಕಾದ ಉತ್ತರ ತುದಿಯ ಇನ್ಯುಪಿಯಾಟ್ ಮೂಲನಿವಾಸಿಗಳಲ್ಲಿ ಇದು ಇನ್ನೂ ದೊಡ್ಡದು. ಆಹಾರಕ್ಕಾಗಿ, ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ಮಿತಿಯೊಳಗೆ ಅವರು ತಿಮಿಂಗಿಲ ಬೇಟೆಯಾಡುತ್ತಾರೆ. ವಸಂತದ ಬೇಟೆ ಫಲಿಸಿದರೆ ಜೂನ್‌ನಲ್ಲಿ ನಲುಕಟಾಕ್ ಹಬ್ಬ. ತಿಮಿಂಗಿಲ ಹಿಡಿದ ತಂಡವೇ ಊರಿಗೆಲ್ಲ ಮಾಂಸ, ಚರ್ಮ, ಕೊಬ್ಬು ಹಂಚಬೇಕು. ಚರ್ಮದ ಹಾಸನ್ನು ಸುತ್ತಲೂ ಜನ ಹಿಡಿದು, ಅದರ ಮೇಲೆ ನಿಂತವರನ್ನು ಆಕಾಶಕ್ಕೆ ಚಿಮ್ಮಿಸುತ್ತಾರೆ. ಬೇಟೆಗಾರ ಅಲ್ಲಿ ಮನೆಗೆ ಬಂದ ಮೇಲೂ ಊರಿಗೆ ಬೇಕಾದವನೇ.

ನಮ್ಮ ಕೊಡಗಿನ ಕೈಲ್ ಮುಹೂರ್ತವನ್ನೂ ಇಲ್ಲಿ ನೆನೆಯಬಹುದು. ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ, ಕೋವಿ ಕತ್ತಿಗಳಿಗೆ ಪೂಜೆ. ಹಿಂದೆ ಅದು ಬೇಟೆಗೆ ಹೊರಡುವ ಕಾಲ. ಕಾನೂನು ಬೇಟೆಯನ್ನು ನಿಲ್ಲಿಸಿತು, ಹಬ್ಬ ನಿಲ್ಲಲಿಲ್ಲ. ಈಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಜೊತೆಗೆ ಕಡಂಬುಟ್ಟು, ಪಂದಿಕರಿ, ನೆಂಟರಿಷ್ಟರು. ಒಂದು ಸಮುದಾಯದ ಬೇಟೆ ಶಾಶ್ವತವಾಗಿ ಮುಗಿದರೂ, ಅದರ ಸುತ್ತ ಕೂಡುತ್ತಿದ್ದ ಜನ ಇವತ್ತಿಗೂ ಕೂಡುತ್ತಾರೆ.

ಕೊಲೊರಾಡೊಗೆ ಒಂಟಿಯಾಗಿ ವಿಮಾನದಲ್ಲಿ ಬಂದು, ಒಂಟಿಯಾಗಿ ಮರಳುವ ಬೇಟೆಗಾರನಿಗೆ ಕಹಳೆಯಿಲ್ಲ, ಪಂಕ್ತಿಯಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿದೆ.

ಹಾಗಾದರೆ ಏನು ಮಾಡುವುದು?

ಅನುಭವಿ ಬೇಟೆಗಾರರು ಮಾಡುವ ಕೆಲವು ಕೆಲಸಗಳು ಸರಳವಾಗಿವೆ. ವಾಪಸಾದ ಮರುದಿನವೇ ಕೆಲಸಕ್ಕೆ ಹೋಗದೆ ಒಂದೆರಡು ದಿನ ನಿದ್ದೆಗೆ ಬಿಡುತ್ತಾರೆ. ಮಾಂಸವನ್ನು ಅಂಗಡಿಗೆ ಕೊಡದೆ ಮನೆಯಲ್ಲೇ ಕುಟುಂಬದವರ ಜೊತೆ ಕೂತು ಕತ್ತರಿಸಿ, ಪೊಟ್ಟಣ ಕಟ್ಟಿ, ನೆರೆಯವರಿಗೆ ಹಂಚುತ್ತಾರೆ. ನೆನಪು ಹಸಿಯಾಗಿರುವಾಗಲೇ, ಸೋತದ್ದನ್ನೂ ಸೇರಿಸಿ, ನಡೆದದ್ದನ್ನು ಬರೆದಿಡುತ್ತಾರೆ. ಟೆಂಟಿನ ಗೆಳೆಯರನ್ನು ಒಂದು ತಿಂಗಳ ನಂತರ ಊಟಕ್ಕೆ ಕರೆಯುತ್ತಾರೆ. ಮುಂದಿನ ವರ್ಷ ಹೊಸಬರೊಬ್ಬರಿಗೆ ದಾರಿ ತೋರಿಸಲು ಒಪ್ಪಿಕೊಳ್ಳುತ್ತಾರೆ.

ಮಂಕು ಕಳೆಯಲೆಂದು ಕೂಡಲೇ ಇನ್ನೊಂದು, ಇನ್ನೂ ದೊಡ್ಡ ಬೇಟೆಗೆ ದುಡ್ಡು ಕಟ್ಟುವುದು ಎಲ್ಲಕ್ಕಿಂತ ಸುಲಭದ ದಾರಿ. ಅದು 'ಬೇಕು'ವನ್ನಷ್ಟೇ ಮತ್ತೆ ಹೊತ್ತಿಸುತ್ತದೆ.

ಹೆಚ್ಚು ಕಾಲ ಬಾಳುವ ಮದ್ದು ಬೇರೆ ಕಡೆ ಇದೆ. 2017ರ ಜನವರಿಯಲ್ಲಿ ಯೂಟಾದ ರಿಪಬ್ಲಿಕನ್ ಸಂಸದ ಜೇಸನ್ ಚಾಫೆಟ್ಜ್ ಸುಮಾರು 33 ಲಕ್ಷ ಎಕರೆ ಸಾರ್ವಜನಿಕ ಭೂಮಿ ಮಾರುವ ಮಸೂದೆ ಮಂಡಿಸಿದರು. ಬೇಟೆಗಾರರು, ಮೀನು ಹಿಡಿಯುವವರು ತಿರುಗಿಬಿದ್ದರು. ಕೆಲವೇ ದಿನಗಳಲ್ಲಿ ಮಸೂದೆ ವಾಪಸಾಯಿತು. 2025ರ ಜೂನ್‌ನಲ್ಲಿ ಅದೇ ರಾಜ್ಯದ ಸೆನೆಟರ್ ಮೈಕ್ ಲೀ ಬಜೆಟ್ ಮಸೂದೆಯೊಳಗೆ ಲಕ್ಷಾಂತರ ಎಕರೆ ಮಾರಾಟದ ಪ್ರಸ್ತಾಪ ಸೇರಿಸಿದಾಗಲೂ ಹೀಗೇ ಆಯಿತು. ಈ ವಿರೋಧದ ಮುಂಚೂಣಿಯಲ್ಲಿದ್ದ ಸಂಘಟನೆಗಳಲ್ಲಿ ಬ್ಯಾಕ್‌ಕಂಟ್ರಿ ಹಂಟರ್ಸ್ ಆಂಡ್ ಆಂಗ್ಲರ್ಸ್ ಒಂದು. ಅದು 2004ರಲ್ಲಿ ಆರೆಗಾನ್‌ನಲ್ಲಿ ಕ್ಯಾಂಪಿನ ಬೆಂಕಿಯ ಸುತ್ತ ಕೂತ ಕೆಲವರಿಂದ ಶುರುವಾದದ್ದು.

ಐದು ದಿನದ ಬೇಟೆ ಮುಗಿಯುತ್ತದೆ, ಕಾಡು ಮುಗಿಯುವುದಿಲ್ಲ. ವರ್ಷವಿಡೀ ಕಾಡಿನ ಪರವಾಗಿ ಪತ್ರ ಬರೆಯುವ, ಬೇಲಿ ಕೀಳುವ, ಸಭೆಗೆ ಹೋಗುವ ಬೇಟೆಗಾರನಿಗೆ ಅಕ್ಟೋಬರ್ ಒಂದು ತಿಂಗಳು ಮಾತ್ರ. ಅಕ್ಟೋಬರ್ ಒಂದನ್ನೇ ನೆಚ್ಚಿಕೊಂಡವನಿಗೆ ಉಳಿದ ಹನ್ನೊಂದು ತಿಂಗಳೂ ಖಾಲಿ.

ನಮ್ಮ ಪ್ರಚಾರ, ನಮ್ಮ ಹೋರಾಟ

2021ರ ಡಿಸೆಂಬರ್ 11ರಂದು ದೆಹಲಿಯ ಗಡಿಗಳಿಂದ ರೈತರು ಹೊರಟ ರೀತಿ ನೆನಪಿರಬಹುದು. ಒಂದು ವರ್ಷಕ್ಕೂ ಮೀರಿ ರಸ್ತೆಯೇ ಮನೆಯಾಗಿತ್ತು. ಕೃಷಿ ಕಾಯ್ದೆಗಳು ರದ್ದಾಗಿದ್ದವು. ಅವರು ವಿಜಯಯಾತ್ರೆ ನಡೆಸಿ ಒಟ್ಟಾಗಿ ಹೊರಟರು. ಹೋರಾಟ ಮುಗಿಯಿತು ಅನ್ನದೆ, ಸದ್ಯಕ್ಕೆ ತಡೆಹಿಡಿದಿದ್ದೇವೆ ಎಂದರು. ಜನವರಿ 15ಕ್ಕೆ ಪರಿಶೀಲನಾ ಸಭೆ ಎಂದು ದಿನಾಂಕವನ್ನೂ ಹೇಳಿದರು. ಕಹಳೆಯೂ ಆಯಿತು, ಪಂಕ್ತಿಯೂ ಆಯಿತು, ಮುಂದಿನ ಭೇಟಿಯೂ ಗೊತ್ತಾಯಿತು.

ನಮ್ಮ ಹೆಚ್ಚಿನ ಸಂಘಟನೆಗಳು ಈ ಕೊನೆಯ ಭಾಗವನ್ನೇ ಮರೆಯುತ್ತವೆ. ಫಲಿತಾಂಶ ಬಂದ ಮರುದಿನ ವಾಟ್ಸ್ಆಪ್ ಗ್ರೂಪು ಮೌನ. ಬೂತ್ ಸುತ್ತಿದ ಹುಡುಗ ಹುಡುಗಿಯರು ಎಲ್ಲಿ ಹೋದರು ಎಂದು ಕೇಳುವವರಿಲ್ಲ. ಸೋತರೆ ಅವರು ರಾಜಕೀಯವೇ ಬೇಡ ಅನ್ನುತ್ತಾರೆ. ಗೆದ್ದರೆ, ಗೆದ್ದ ಮೇಲೂ ಏಕೆ ಖುಷಿಯಿಲ್ಲ ಎಂದು ತಮ್ಮ ನಿಷ್ಠೆಯನ್ನೇ ಅನುಮಾನಿಸುತ್ತಾರೆ. ಒಂದು ಪ್ರಚಾರದ ಯೋಜನೆಯಲ್ಲಿ ಕೊನೆಯ ಸಭೆ, ಒಟ್ಟಿಗೆ ಊಟ, ಸತ್ಯವಾದ ಲೆಕ್ಕ, ವಿಶ್ರಾಂತಿಯ ವಾರ ಮತ್ತು ಮುಂದಿನ ದಿನಾಂಕ ಇರಲೇಬೇಕು. ಇವು ಭಾವುಕತೆಯ ವಿಷಯಗಳಲ್ಲ, ಸಂಘಟನೆಯ ಕೆಲಸಗಳು.

ಇನ್ನೊಂದು ಮಾತು. ಇಂಥ ಮಂಕು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಎರಡು ವಾರ ದಾಟಿಯೂ ನಿದ್ದೆ, ಊಟ, ಕೆಲಸ ಸರಿಹೋಗದಿದ್ದರೆ ಅಥವಾ ಬದುಕೇ ಬೇಡ ಅನ್ನಿಸಿದರೆ ಅದನ್ನು 'ಪ್ರಚಾರದ ಸುಸ್ತು' ಎಂದು ತಳ್ಳಿಹಾಕಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಜೊತೆ ಬೂತ್ ಸುತ್ತಿದವರು ಈಚೆಗೆ ಫೋನ್ ಎತ್ತುತ್ತಿಲ್ಲ ಅಂದರೆ, ಒಂದು ಸಂಜೆ ಅವರ ಮನೆಗೇ ಹೋಗಿ ಬನ್ನಿ.