ಮೂರು ಬೇರಿನ ಕ್ರಿಯಾಪದ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಉಪಾಧ್ಯಾಯನಾಗಿದ್ದೆ. ಇಂಗ್ಲಿಷ್ ಪಾಠ ಮಾಡುತ್ತಿದ್ದವರಿಗೆ ವರ್ಗವಾಗಿ, ಅವರ ಸ್ಥಾನಕ್ಕೆ ಯಾರೂ ಬಾರದೆ ಹೋದುದರಿಂದ ಒಂಬತ್ತನೆಯ ತರಗತಿಯ ಇಂಗ್ಲಿಷೂ ಆ ವರ್ಷ ನನ್ನ ಪಾಲಿಗೆ ಬಂದಿತು. ಒಂದು ದಿನ, ನಿಮ್ಮ ಮನೆಯನ್ನು ಕುರಿತು ಐದು ವಾಕ್ಯಗಳನ್ನು ಬರೆಯಿರಿ ಎಂದು ಹೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬನು ಹೀಗೆ ಬರೆದಿದ್ದನು: ‘ಮೈ ಫಾದರ್ ಫಾರ್ಮರ್. ಮೈ ಮದರ್ ಇನ್ ಹೌಸ್ ಇಸ್. ಮೈ ಬ್ರದರ್ ಡ್ರೈವರ್. ಇನ್ ಹೌಸ್ ಟೂ ಕೌಸ್ ಇಸ್. ಮೈ ವಿಲೇಜ್ ಸ್ಮಾಲ್.’

ನಾನು ಐದು ವಾಕ್ಯಗಳ ಅಡಿಯಲ್ಲಿಯೂ ಕೆಂಪು ಗೀಟೆಳೆದು, ‘ಕ್ರಿಯಾಪದವೆಲ್ಲಿ?’ ಎಂದು ಅಂಚಿನಲ್ಲಿ ಬರೆದೆ. ಹುಡುಗನು ಎದ್ದುನಿಂತು, “ಸಾರ್, ‘ನಮ್ಮಪ್ಪ ರೈತ’ ಅಂದರೆ ಕನ್ನಡದಲ್ಲಿ ಸರಿ ಅಲ್ಲವಾ? ಅದರಲ್ಲಿ ಕ್ರಿಯಾಪದ ಎಲ್ಲಿದೆ?” ಎಂದು ಕೇಳಿದನು. ತರಗತಿಯಲ್ಲಿ ಕೆಲವರು ನಕ್ಕರು. ಕನ್ನಡದಲ್ಲಿ ಎಂ.ಎ. ಮಾಡಿದ್ದ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. “ಕೂತ್ಕೋ, ಇದು ಕನ್ನಡದ ಪೀರಿಯಡ್ ಅಲ್ಲ” ಎಂದುಬಿಟ್ಟೆ. ಆ ಹುಡುಗ ಆ ವರ್ಷದಲ್ಲಿ ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ನಾನು ಹುಡುಕಿಕೊಂಡದ್ದು ಬಹಳ ತಡವಾಗಿ.

ಅವನನ್ನು ತೊಂದರೆಗೆ ಸಿಕ್ಕಿಸಿದ್ದು ಇಂಗ್ಲಿಷಿನ ‘ಬೀ’ ಎಂಬ ಕ್ರಿಯಾಪದ. ಆ ಭಾಷೆಯಲ್ಲಿ ಇದಕ್ಕಿಂತ ಹೆಚ್ಚು ಬಳಕೆಯ ಕ್ರಿಯಾಪದವಿಲ್ಲ. ಇದರಷ್ಟು ವಿಚಿತ್ರವಾದುದೂ ಇಲ್ಲ. ‘ನಡೆ’ ಎಂಬರ್ಥದ ‘ವಾಕ್’ ಎಂಬ ಮಾತಿಗೆ ವಾಕ್, ವಾಕ್ಸ್, ವಾಕ್ಡ್, ವಾಕಿಂಗ್ ಎಂದು ನಾಲ್ಕೇ ರೂಪಗಳು. ಅವೆಲ್ಲ ಒಂದೇ ತಾಯಿಯ ಮಕ್ಕಳೆಂದು ನೋಡಿದೊಡನೆ ತಿಳಿಯುತ್ತದೆ. ‘ಬೀ’ ಎಂಬುದಕ್ಕಾದರೋ ಬೀ, ಆ್ಯಮ್, ಇಸ್, ಆರ್, ವಾಸ್, ವರ್, ಬೀಯಿಂಗ್, ಬೀನ್ ಎಂದು ಎಂಟು ರೂಪಗಳಿವೆ. ‘ಬೀ’ಗೂ ‘ವಾಸ್’ಗೂ ಯಾವ ಹೋಲಿಕೆಯಿದೆ? ‘ಆ್ಯಮ್’ಗೂ ‘ಬೀನ್’ಗೂ ಏನು ನಂಟು? ಹೋಲಿಕೆಯಿಲ್ಲದಿರುವುದಕ್ಕೆ ಕಾರಣ ಸರಳವಾಗಿದೆ. ಇವು ಒಂದೇ ಕ್ರಿಯಾಪದದ ರೂಪಗಳೇ ಅಲ್ಲ. ಬೇರೆ ಬೇರೆ ಬೇರುಗಳಿಂದ ಹುಟ್ಟಿದ ಮಾತುಗಳು ಕಾಲಕ್ರಮದಲ್ಲಿ ಒಂದೇ ಸಂಸಾರವಾಗಿ ಕೂಡಿಕೊಂಡಿವೆ.

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಇರು’ ಎನ್ನಲು ‘ವೆಸನ್’, ‘ಬೇಓನ್’ ಎಂಬ ಎರಡು ಕ್ರಿಯಾಪದಗಳಿದ್ದವು. ಈಗ ಕಣ್ಣೆದುರಿಗಿರುವ ಸ್ಥಿತಿಯನ್ನು ಹೇಳುವಾಗ ಮೊದಲನೆಯದರ ರೂಪಗಳು ಬರುತ್ತಿದ್ದವು. ಯಾವಾಗಲೂ ನಿಜವಾಗಿರುವುದನ್ನೂ ಮುಂದೆ ಆಗಲಿರುವುದನ್ನೂ ಹೇಳುವಾಗ ಸಾಮಾನ್ಯವಾಗಿ ಎರಡನೆಯದು. ಈ ಭೇದ ಇಂದಿನ ಇಂಗ್ಲಿಷರಿಗೆ ಅರ್ಥವಾಗುವುದು ಕಷ್ಟ. ನಮಗೆ ಅದು ಸುಲಭ. ‘ಬಾವಿಯ ನೀರು ತಣ್ಣಗಿದೆ’ ಎಂದರೆ ಈಗ ಮುಟ್ಟಿನೋಡಿದ ಮಾತು. ‘ಬಾವಿಯ ನೀರು ತಣ್ಣಗಿರುತ್ತದೆ’ ಎಂದರೆ ಎಂದಿನ ಮಾತು. ನಾವು ‘ಇದೆ’, ‘ಇರುತ್ತದೆ’ ಎಂದು ಒಂದೇ ಧಾತುವಿನಿಂದ ಸಾಧಿಸುವುದನ್ನು ಅವರು ಎರಡು ಕ್ರಿಯಾಪದಗಳಿಂದ ಸಾಧಿಸುತ್ತಿದ್ದರು. ‘ಬೇಓನ್’ ಎಂಬುದಕ್ಕೆ ಭೂತಕಾಲದ ರೂಪವೇ ಇರಲಿಲ್ಲ. ಮುಂದೆ ಎರಡೂ ಬೆರೆತು ಒಂದಾದಾಗ ‘ವೆಸನ್’ ಎಂಬುದರ ಭೂತಕಾಲವು ಎರಡಕ್ಕೂ ಸಾಲಬೇಕಾಯಿತು.

ಇದಕ್ಕಿಂತಲೂ ಹಿಂದಕ್ಕೆ ಹೋದರೆ ನಮಗೆ ಪರಿಚಿತವಾದ ಮುಖಗಳೇ ಕಾಣುತ್ತವೆ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ನ್ಯಾಯಾಧೀಶರಾಗಿದ್ದ ಸರ್ ವಿಲಿಯಂ ಜೋನ್ಸ್ ಒಂದು ಭಾಷಣ ಮಾಡಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಧಾತುಗಳಲ್ಲಿಯೂ ವ್ಯಾಕರಣದಲ್ಲಿಯೂ ಕಾಣುವ ಸಾಮ್ಯ ಆಕಸ್ಮಿಕವಾಗಿರಲಾರದು, ಇವು ಒಂದೇ ಮೂಲದಿಂದ ಬಂದಿರಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಜರ್ಮನಿಯ ಫ್ರಾಂಜ್ ಬಾಪ್ 1816ರಲ್ಲಿ ಈ ಭಾಷೆಗಳ ಕ್ರಿಯಾಪದಗಳನ್ನೇ ಹಿಡಿದು ಹೋಲಿಸಿ ಒಂದು ಗ್ರಂಥವನ್ನು ಪ್ರಕಟಿಸಿದರು. ಇಂಗ್ಲಿಷೂ ಆ ಕುಟುಂಬದ್ದೇ. ಆದುದರಿಂದ ‘ಬೀ’ಯ ಬಂಧುಗಳನ್ನು ಸಂಸ್ಕೃತದಲ್ಲಿ ಹುಡುಕಬಹುದು.

ಮೊದಲನೆಯ ಬೇರು ‘ಅಸ್’. ಸಂಸ್ಕೃತದ ‘ಅಸ್ತಿ’, ಲ್ಯಾಟಿನ್ನಿನ ‘ಎಸ್ಟ್’, ಇಂಗ್ಲಿಷಿನ ‘ಇಸ್’ ಮೂರೂ ಒಂದೇ. ‘ನಾನು ಇದ್ದೇನೆ’ ಎಂಬರ್ಥದ ‘ಅಸ್ಮಿ’ಯಲ್ಲಿರುವ ಮಕಾರವೇ ‘ಆ್ಯಮ್’ ಎಂಬಲ್ಲಿ ಉಳಿದಿದೆ. ನಡುವಣ ಸಕಾರ ಸವೆದುಹೋಗಿದೆ. ಬಹುವಚನದ ‘ಸಂತಿ’ಗೆ ಸಮನಾದ ‘ಸಿಂಡ್’ ಎಂಬ ರೂಪವೂ ಹಳೆಯ ಇಂಗ್ಲಿಷಿನಲ್ಲಿತ್ತು. ಅಲ್ಲಿ ಅದು ಅಳಿಯಿತು. ಜರ್ಮನ್ ಭಾಷೆಯಲ್ಲಿ ಇಂದಿಗೂ ಬದುಕಿದೆ. ಈ ಬೇರಿನ ಫಲಗಳು ಕನ್ನಡಕ್ಕೂ ಸಂಸ್ಕೃತದ ಮೂಲಕ ಧಾರಾಳವಾಗಿ ಬಂದಿವೆ: ಅಸ್ತಿತ್ವ, ಆಸ್ತಿಕ, ನಾಸ್ತಿಕ; ನಮ್ಮ ಎಷ್ಟೋ ಶಾಸನಗಳ ಆರಂಭದಲ್ಲಿ ಕಾಣುವ ‘ಸ್ವಸ್ತಿ’ ಕೂಡ. ‘ಇರುವುದು’ ಎಂಬರ್ಥದ ‘ಸತ್’ ಎಂಬುದರಿಂದ ‘ಸತ್ಯ’ ಬಂದಿದೆ. ನಿಜಕ್ಕೆ ಹಳೆಯ ಇಂಗ್ಲಿಷರು ‘ಸೂತ್’ ಎನ್ನುತ್ತಿದ್ದುದೂ ಇದೇ ಬೇರಿನಿಂದ.

ಎರಡನೆಯ ಬೇರು ‘ಭೂ’. ಆಗು, ಬೆಳೆ ಎಂಬುದು ಇದರ ಮೂಲಾರ್ಥ. ಭವ, ಭಾವ, ಭುವನ, ಭೂತ ಮುಂತಾದವೆಲ್ಲ ಇದರ ಸಂತಾನ. ಇಂಗ್ಲಿಷಿನ ‘ಬೀ’, ‘ಬೀನ್’ ಇದರಿಂದಲೇ ಬಂದವು. ‘ನೈಬರ್’ ಎಂಬ ಮಾತಿನ ಉತ್ತರಾರ್ಧವೂ ಇದೇ. ಹತ್ತಿರ ನೆಲೆಸಿದವನು, ನಮ್ಮ ಮಾತಿನಲ್ಲಿ ನೆರೆಯವನು. ‘ಹಸ್ಬೆಂಡ್’ ಎಂದರೆ ಮೂಲದಲ್ಲಿ ಗಂಡನಲ್ಲ, ಮನೆಮಾರು ಹೊಂದಿ ನೆಲೆಸಿದ ಯಜಮಾನ. ಆ ಪದದ ಕೊನೆಯಲ್ಲಿಯೂ ಈ ಬೇರು ಅಡಗಿದೆ. ನೀವು ಓದುವ ಫಿಸಿಕ್ಸ್ ಕೂಡ ಗ್ರೀಕರ ಮೂಲಕ ಇಲ್ಲಿಗೇ ಬಂದು ಸೇರುತ್ತದೆ.

ಮೂರನೆಯ ಬೇರನ್ನು ಕನ್ನಡ ಲಿಪಿಯಲ್ಲಿ ಬರೆದರೆ ಸಾಕು, ಗುರುತು ಸಿಗುತ್ತದೆ. ಇಂಗ್ಲಿಷಿನ ‘ವಾಸ್’ ನಮ್ಮ ‘ವಾಸ’ದ ಬಂಧು. ನೆಲೆಸು ಎಂಬರ್ಥದ ‘ವಸ್’ ಧಾತುವಿನಿಂದ ನಮಗೆ ವಾಸ, ವಸತಿ, ನಿವಾಸ, ಪ್ರವಾಸಗಳು ಬಂದರೆ, ಅವರಿಗೆ ಭೂತಕಾಲದ ‘ವಾಸ್’, ‘ವರ್’ ಬಂದವು. ‘ವಾಸ್’ನ ಸಕಾರ ಬಹುವಚನದಲ್ಲಿ ರಕಾರವಾದುದೇಕೆ? ಪುರಾತನ ಕಾಲದಲ್ಲಿ ಏಕವಚನದಲ್ಲೊಂದು ಕಡೆ, ಬಹುವಚನದಲ್ಲೊಂದು ಕಡೆ ಉಚ್ಚಾರಣೆಯ ಒತ್ತು ಬೀಳುತ್ತಿದ್ದುದೇ ಕಾರಣವೆಂದು ಡೆನ್ಮಾರ್ಕಿನ ಕಾರ್ಲ್ ವರ್ನರ್ 1877ರಲ್ಲಿ ತೋರಿಸಿಕೊಟ್ಟರು.

ಇಷ್ಟನ್ನು ಕೇಳಿ ನಿಮಗೊಂದು ಸಂಶಯ ಬರಬಹುದು, ಬರಲೂ ಬೇಕು. ಎರಡು ಪದಗಳು ಕಿವಿಗೆ ಒಂದೇ ತೆರನಾಗಿ ಕೇಳಿದ ಮಾತ್ರಕ್ಕೆ ಬಂಧುಗಳೆನ್ನಬಹುದೆ? ಖಂಡಿತ ಇಲ್ಲ. ಕನ್ನಡದ ‘ಒಂದು’, ಇಂಗ್ಲಿಷಿನ ‘ವನ್’ ಎಷ್ಟು ಹತ್ತಿರ ಕೇಳುತ್ತವೆ! ಅರ್ಥವೂ ಒಂದೇ. ಆದರೂ ಅವಕ್ಕೆ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಆನ್’ ಎಂದಿತ್ತು. ವಕಾರ ಸೇರಿದುದು ಈಚೆಗೆ. ವಿದ್ವಾಂಸರು ಕೇಳುವುದು ನಿಯಮವನ್ನು. ಹಳಗನ್ನಡದ ಪಾಲ್, ಪೂ, ಪಲ್ ಎಂಬುವು ಹಾಲು, ಹೂ, ಹಲ್ಲು ಆದುದನ್ನು ನೀವು ಓದಿದ್ದೀರಿ. ಒಂದರಲ್ಲಿ ಪಕಾರ ಹಕಾರವಾದರೆ ಉಳಿದವುಗಳಲ್ಲಿಯೂ ಆಗುತ್ತದೆ. ಹಾಗೆಯೇ ಸಂಸ್ಕೃತದ ಭಕಾರಕ್ಕೆ ಇಂಗ್ಲಿಷಿನಲ್ಲಿ ಬಕಾರ: ಭ್ರಾತೃವಿಗೆ ಬ್ರದರ್, ಹುಬ್ಬೆಂಬರ್ಥದ ಭ್ರೂವಿಗೆ ಬ್ರೌ, ಹೊರುವ ಅರ್ಥದ ಭರತಿಗೆ ಬೇರ್. ಈ ಸಾಲಿನಲ್ಲಿಯೇ ಭೂ ಎಂಬುದಕ್ಕೆ ಬೀ ನಿಲ್ಲುತ್ತದೆ.

ಬೇರುಗಳ ಈ ಬೆರಕೆ ಇಂಗ್ಲಿಷಿನದೊಂದೇ ದೋಷವೆಂದು ಭಾವಿಸಬೇಡಿ. ಸಂಸ್ಕೃತದಲ್ಲಿಯೂ ‘ಅಸ್’ ಧಾತು ಎಲ್ಲ ರೂಪಗಳಲ್ಲಿ ತಾನೇ ನಿಲ್ಲಲಾರದು. ಕೆಲವು ಪ್ರತ್ಯಯಗಳ ಮುಂದೆ ಅದರ ಸ್ಥಾನದಲ್ಲಿ ‘ಭೂ’ ಬರಬೇಕೆಂದು ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ವಿಧಿಸಿದ್ದಾನೆ. ಅದರಿಂದಲೇ ‘ಇದ್ದಾನೆ’ ಎನ್ನಲು ‘ಅಸ್ತಿ’, ‘ಇರುವನು’ ಎನ್ನಲು ‘ಭವಿಷ್ಯತಿ’. ನಮ್ಮ ‘ಭವಿಷ್ಯ’ ಎಂಬ ಮಾತೇ ಆ ವಿನಿಮಯದ ಕುರುಹು.

ಉಳಿದದ್ದು ‘ಆರ್’. ಇದು ಇಂಗ್ಲೆಂಡಿನ ಉತ್ತರ ಭಾಗದವರ ರೂಢಿ. ದಕ್ಷಿಣದವರು ಬಹುವಚನದಲ್ಲಿಯೂ ‘ಬೀ’ಯ ರೂಪಗಳನ್ನೇ ಬಳಸುತ್ತಿದ್ದರು. ಕ್ರಮೇಣ ಉತ್ತರದ ರೂಪ ದಕ್ಷಿಣಕ್ಕಿಳಿದು ಶಿಷ್ಟವಾಯಿತು. 1611ರ ಬೈಬಲ್ ಅನುವಾದದಲ್ಲಿ ಇನ್ನೂ ಅಲ್ಲಲ್ಲಿ ‘ಆರ್’ ಇರಬೇಕಾದ ಕಡೆ ‘ಬೀ’ ಕಾಣುತ್ತದೆ. ನಮ್ಮಲ್ಲಿ ಪುಸ್ತಕದವರು ‘ಇದೆ’ ಎಂದರೆ ಹಳ್ಳಿಯವರು ‘ಐತೆ’ ಎನ್ನುವುದು, ಕಲಬುರಗಿಯ ಕಡೆ ‘ಅದ’, ಮಂಗಳೂರಿನ ಕಡೆ ‘ಉಂಟು’ ಎನ್ನುವುದು ಇಲ್ಲವೆ? ಅಂಥದೇ ಸಂಗತಿ. ಯಾವುದು ಪುಸ್ತಕಕ್ಕೆ ಏರುತ್ತದೆ ಎಂಬುದು ವ್ಯಾಕರಣದಿಂದ ನಿರ್ಧಾರವಾಗುವುದಿಲ್ಲ.

ಇನ್ನು ಆ ಹುಡುಗನ ಪ್ರಶ್ನೆ. ಬಾಪ್‌ರ ಗ್ರಂಥ ಹೊರಬಂದ 1816ರಲ್ಲಿಯೇ ಮದರಾಸಿನಲ್ಲಿ ಅಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಎಲ್ಲಿಸ್ ಎಂಬವರು, ತೆಲುಗು, ತಮಿಳು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳ ಕುಟುಂಬವೇ ಬೇರೆ ಎಂದು ಸಾಧಿಸಿದರು. ಪದಗಳನ್ನು ನಾವು ಸಂಸ್ಕೃತದಿಂದ ಎಷ್ಟೇ ತಂದಿರಲಿ, ವಾಕ್ಯದ ಕಟ್ಟು ನಮ್ಮದೇ. ಆ ಕಟ್ಟಿನಲ್ಲಿ ಇಬ್ಬರು ಒಂದೇ ಎನ್ನಲು ಕ್ರಿಯಾಪದ ಬೇಡ. ‘ನಮ್ಮಪ್ಪ ರೈತ’ ಎಂದರೆ ಪೂರ್ಣ ವಾಕ್ಯ. ಎಲ್ಲಿಯೋ ಇರುವುದನ್ನು ಹೇಳಲು ಮಾತ್ರ ‘ಇರು’ ಬೇಕು. ನಿಷೇಧದಲ್ಲಿಯೂ ಈ ಭೇದ ಅಚ್ಚುಕಟ್ಟಾಗಿ ನಿಂತಿದೆ: ‘ಅವರು ರೈತರಲ್ಲ’, ‘ಅವರು ಮನೆಯಲ್ಲಿಲ್ಲ’. ಅಲ್ಲ ಬೇರೆ, ಇಲ್ಲ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಇಸ್ ನಾಟ್’ ಒಂದೇ. ಕ್ರಿಯಾಪದವಿಲ್ಲದ ವಾಕ್ಯ ನಮ್ಮದೊಂದೇ ಸೊತ್ತೂ ಅಲ್ಲ. ಇಂಗ್ಲಿಷಿನ ದೂರದ ಬಂಧುವಾದ ರಷ್ಯನ್ ಭಾಷೆಯವರೂ ‘ನಮ್ಮಪ್ಪ ರೈತ’ ಎಂದೇ ಹೇಳುತ್ತಾರೆ.

ಈಗ ಅವನ ಐದು ವಾಕ್ಯಗಳನ್ನು ಮತ್ತೊಮ್ಮೆ ಓದಿನೋಡಿ. ಅಪ್ಪ ರೈತ, ಅಣ್ಣ ಡ್ರೈವರ್, ಊರು ಚಿಕ್ಕದು ಎಂಬಲ್ಲಿ ಅವನು ‘ಇಸ್’ ಹಾಕಿಲ್ಲ. ಅವ್ವ ಮನೆಯಲ್ಲಿದ್ದಾಳೆ, ಮನೆಯಲ್ಲಿ ಎರಡು ಹಸುಗಳಿವೆ ಎಂಬಲ್ಲಿ ಹಾಕಿದ್ದಾನೆ. ಅದೂ ಕನ್ನಡದಲ್ಲಿ ಬರುವಂತೆ ವಾಕ್ಯದ ಕೊನೆಯಲ್ಲಿ. ಕನ್ನಡದ ಅಲ್ಲ–ಇಲ್ಲಗಳ ಗೆರೆ ಎಲ್ಲಿ ಹಾದುಹೋಗುತ್ತದೆಯೋ ಅಲ್ಲಿಯೇ ಅವನ ‘ಇಸ್’ ಕಾಣಿಸಿಕೊಂಡಿದೆ. ಐದರಲ್ಲಿ ಒಂದು ಕಡೆಯೂ ಅವನು ತಪ್ಪಿಲ್ಲ. ನಾನು ಮಾತ್ರ ಐದಕ್ಕೂ ಒಂದೇ ಗೀಟೆಳೆದು, ಎರಡು ಕಡೆ ಕ್ರಿಯಾಪದವಿದ್ದುದನ್ನೂ ನೋಡದೆ, ‘ಕ್ರಿಯಾಪದವೆಲ್ಲಿ?’ ಎಂದು ಬರೆದಿದ್ದೆ.